ಸುಗ್ರೀವನ ಗಡುವು

ಆಂಧ್ರದ ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ‘ಸುಗ್ರೀವಾಜ್ಞೆ’ಗೆ ಎರಡು ಬದುಕು. ತೆಲುಗು ಮಾತಿನಲ್ಲಿ ಅದು ಮೀರಲಾಗದ ಅಪ್ಪಣೆ. ಮನೆಯ ಯಜಮಾನ ಹೇಳಿದ ಮೇಲೆ ಮುಗಿಯಿತು. ರಾಜ್ಯಪಾಲರ ಅಂಕಿತ ಬಿದ್ದು ಹೊರಡುವ ತಾತ್ಕಾಲಿಕ ಕಾನೂನಿಗೆ ತೆಲುಗು ಪತ್ರಿಕೆಗಳು ‘ಆರ್ಡಿನೆನ್ಸ್’ ಎನ್ನುತ್ತವೆ. ಗಡಿ ದಾಟಿ ಪಾವಗಡಕ್ಕೋ ಗೌರಿಬಿದನೂರಿಗೋ ಬಂದರೆ ಕನ್ನಡ ಪತ್ರಿಕೆಯ ತಲೆಬರಹದಲ್ಲಿ ಅದೇ ಸುಗ್ರೀವಾಜ್ಞೆ.

ಪದ ಬಂದದ್ದು ಕಿಷ್ಕಿಂಧೆಯಿಂದ. ಸೀತೆಯನ್ನು ಹುಡುಕಿ ಒಂದು ತಿಂಗಳೊಳಗೆ ಬರಬೇಕು, ತಪ್ಪಿದರೆ ತಲೆದಂಡ ಎಂದು ಸುಗ್ರೀವ ಕಪಿಸೇನೆಗೆ ಹೇಳಿದ. (ಮಳೆಗಾಲ ಕಳೆದರೂ ರಾಮನಿಗೆ ಕೊಟ್ಟ ಮಾತು ಮರೆತು ಲಕ್ಷ್ಮಣನ ಕೋಪಕ್ಕೆ ಸಿಕ್ಕವನೂ ಇವನೇ!) ಅಂಗದನ ತಂಡ ಗುಹೆಯೊಳಗೆ ದಿನಗಳ ಲೆಕ್ಕ ತಪ್ಪಿ, ಹಿಂದಿರುಗಿ ಸಾಯುವುದಕ್ಕಿಂತ ಇಲ್ಲೇ ಉಪವಾಸ ಬೀಳುವುದು ಲೇಸೆಂದು ಕಡಲ ದಡದಲ್ಲಿ ಕೂತಿತು. ಆಗ ದಾರಿ ತೋರಿದವನು ಸಂಪಾತಿ. ಹಿಂದೂಪುರದ ಪಕ್ಕದ ಲೇಪಾಕ್ಷಿಯವರು ತಮ್ಮೂರಿನವನೆಂದು ಹೇಳಿಕೊಳ್ಳುವ ಜಟಾಯುವಿನ ಅಣ್ಣ.

ಹೀಗೆ ಆಜ್ಞೆಯ ಹೊಟ್ಟೆಯಲ್ಲೇ ಗಡುವು ಇದೆ. ಸಂವಿಧಾನದಲ್ಲೂ ಇದೆ. 213ನೇ ವಿಧಿಯ ಪ್ರಕಾರ ಶಾಸಕಾಂಗ ಅಧಿವೇಶನದಲ್ಲಿ ಇಲ್ಲದಾಗ ಮಾತ್ರ ಸುಗ್ರೀವಾಜ್ಞೆ. ಸಭೆ ಮತ್ತೆ ಸೇರಿ ಆರು ವಾರವಾದರೂ ಒಪ್ಪಿಗೆ ಸಿಗದಿದ್ದರೆ ಅದು ಸತ್ತಂತೆ. ‘ಮೀರಲಾಗದ್ದು’ ಎಂಬ ಹೆಸರು ಹೊತ್ತರೂ ಕೋರ್ಟಿನ ಮುಂದೆ ಅದರ ಆಟ ನಡೆಯದು. ಬಂಗಾರಪ್ಪನವರ ಸರ್ಕಾರ 1991ರಲ್ಲಿ ತಂದ ಕಾವೇರಿ ಸುಗ್ರೀವಾಜ್ಞೆ ಸಂವಿಧಾನಕ್ಕೆ ಹೊಂದದು ಎಂದು ಸುಪ್ರೀಂ ಕೋರ್ಟ್ ಅದೇ ವರ್ಷ ಅಭಿಪ್ರಾಯಪಟ್ಟಿತು. ಆಂಧ್ರದಲ್ಲಿ 2020ರ ಏಪ್ರಿಲ್‌ನಲ್ಲಿ ರಾಜ್ಯ ಚುನಾವಣಾ ಆಯುಕ್ತರ ಅವಧಿಯನ್ನು ಐದು ವರ್ಷದಿಂದ ಮೂರಕ್ಕೆ ಇಳಿಸಿದ ಸುಗ್ರೀವಾಜ್ಞೆಯನ್ನು ಮೇ ತಿಂಗಳಲ್ಲಿ ಹೈಕೋರ್ಟ್ ರದ್ದು ಮಾಡಿತು.

ಇಂಥ ಕಾನೂನಿಗೆ ಫ್ರಾನ್ಸಿನಲ್ಲಿ ಹೆಸರು ‘ಆರ್ಡೊನಾನ್ಸ್’. ನಡೆ ಬೇರೆ. ಅಲ್ಲಿ 1958ರ ಸಂವಿಧಾನದ 38ನೇ ವಿಧಿಯಂತೆ ಸಂಸತ್ತೇ ಮೊದಲು ವಿಷಯ, ಅವಧಿ ಗೊತ್ತುಮಾಡಿ ಸರ್ಕಾರಕ್ಕೆ ಅಧಿಕಾರ ಬರೆದುಕೊಡುತ್ತದೆ. ಸಹಿ ಮಾತ್ರ ಅಧ್ಯಕ್ಷರದು. 1986ರಲ್ಲಿ ಖಾಸಗೀಕರಣದ ಕಡತಕ್ಕೆ ಸಹಿ ಹಾಕಲು ಅಧ್ಯಕ್ಷ ಮಿತ್ತೆರಾಂ ಒಪ್ಪಲಿಲ್ಲ. ಪ್ರಧಾನಿ ಶಿರಾಕ್ ಅದನ್ನು ಮಸೂದೆ ಮಾಡಿ ಸಂಸತ್ತಿಗೇ ಒಯ್ಯಬೇಕಾಯಿತು. 2017ರಲ್ಲಿ ಮಾಕ್ರೋನ್ ಕಾರ್ಮಿಕ ಕಾನೂನು ಬದಲಿಸಿದ್ದೂ ಇದೇ ದಾರಿಯಲ್ಲಿ.

ಸಭೆ ಮೊದಲೇ ಕೊಟ್ಟ ಅಧಿಕಾರದಿಂದ ಸರ್ಕಾರ ನಡೆಯುವ ಈ ರೀತಿಗೆ ಹಿಂದೂಪುರದಲ್ಲಿ ಹತ್ತಿರದ ನೆಂಟ ಸುಗ್ರೀವಾಜ್ಞೆಯಲ್ಲ, ಗೆಜೆಟ್ ಅಧಿಸೂಚನೆ. ಜಿಲ್ಲೆಗಳನ್ನು ಒಡೆಯುವ, ಕೂಡಿಸುವ ಅಧಿಕಾರವನ್ನು ಆಂಧ್ರದ ಶಾಸಕಾಂಗ 1974ರ ಕಾಯ್ದೆಯಲ್ಲೇ ಸರ್ಕಾರಕ್ಕೆ ಕೊಟ್ಟಿತ್ತು. ಅದರ ಬಲದಿಂದ 2022ರ ಜನವರಿಯಲ್ಲಿ ಕರಡು ಹೊರಟಿತು. ಆಕ್ಷೇಪಣೆಗೆ 30 ದಿನ. ಅನಂತಪುರ ಇಬ್ಭಾಗ, ಹೊಸ ಶ್ರೀ ಸತ್ಯಸಾಯಿ ಜಿಲ್ಲೆಯ ಕೇಂದ್ರ ಪುಟ್ಟಪರ್ತಿ. ಜಿಲ್ಲಾಕೇಂದ್ರ ತಮಗೇ ಬೇಕೆಂದು ಹಿಂದೂಪುರ ಬೀದಿಗಿಳಿಯಿತು. ಶಾಸಕ ಬಾಲಕೃಷ್ಣ ಮೌನ ದೀಕ್ಷೆಗೆ ಕೂತರು. ಏಪ್ರಿಲ್ 4ರಂದು ಜಿಲ್ಲೆ ಬಂತು, ಕೇಂದ್ರ ಪುಟ್ಟಪರ್ತಿಯಲ್ಲೇ ಉಳಿಯಿತು. ಕಲ್ಯಾಣದುರ್ಗ ಅನಂತಪುರದ ಪಾಲಿಗೆ. ಆರು ವಾರದ ಗಡುವು ಅಧಿಸೂಚನೆಗೆ ಇಲ್ಲ.