ಅಮೆರಿಕದಲ್ಲಿ ವಿಮೆ ಇದ್ದರೂ ಆಸ್ಪತ್ರೆ ಬಿಲ್ ಬರುವುದೇಕೆ?

ಅಮೆರಿಕದಲ್ಲಿ ವೈದ್ಯರ ಬಳಿ ಹೋಗಿಬಂದ ಕೆಲವು ವಾರಗಳ ನಂತರ ಮನೆಗೊಂದು ಲಕೋಟೆ ಬರುತ್ತದೆ. ಒಳಗಿನ ಕಾಗದದಲ್ಲಿ ಎದ್ದು ಕಾಣುವಂತೆ 'ಇದು ಬಿಲ್ ಅಲ್ಲ' ಎಂದು ಮುದ್ರಿಸಿರುತ್ತಾರೆ. ಅದರ ಕೆಳಗೆ ಮಾತ್ರ ಬಿಲ್ಲಿನಲ್ಲಿ ಇರುವಂತೆಯೇ ಸಾಲುಸಾಲು ಅಂಕಿಗಳು: ಆಸ್ಪತ್ರೆ ಕೇಳಿದ್ದೆಷ್ಟು, ವಿಮಾ ಕಂಪನಿ ಒಪ್ಪಿದ್ದೆಷ್ಟು, ಕೊಟ್ಟಿದ್ದೆಷ್ಟು, ನೀವು ಕೊಡಬೇಕಾಗಬಹುದಾದ್ದು ಎಷ್ಟು. ಮತ್ತೂ ಕೆಲವು ದಿನ ಕಳೆದ ಮೇಲೆ ಆಸ್ಪತ್ರೆಯಿಂದ ನಿಜವಾದ ಬಿಲ್ ಬರುತ್ತದೆ.

ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಮಗ ಇದನ್ನು ಊರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಆಕೆಯ ಪ್ರಶ್ನೆ ಒಂದೇ: "ನಿಂಗೆ ಇನ್ಶೂರೆನ್ಸ್ ಇದೆ ಅಂದಿದ್ಯಲ್ಲೋ, ಮತ್ತೆ ದುಡ್ಡು ಯಾಕೆ ಕಟ್ಬೇಕು?"

ಪ್ರಶ್ನೆ ಸರಿಯಾಗಿಯೇ ಇದೆ. ಅಮೆರಿಕದಲ್ಲಿ ವಿಮೆ ಇದ್ದರೆ ಎಲ್ಲವೂ ಉಚಿತ ಎನ್ನುವ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಅಲ್ಲಿ ವಿಮೆ ಇಲ್ಲದವರನ್ನು ಆಸ್ಪತ್ರೆಯ ಬಾಗಿಲಲ್ಲೇ ತಡೆಯುತ್ತಾರೆ ಎನ್ನುವ ಇನ್ನೊಂದು ನಂಬಿಕೆಯೂ ಇದೆ. ಎರಡೂ ಪೂರ್ತಿ ನಿಜವಲ್ಲ. ಎರಡನೆಯದನ್ನು ಬೇಗ ಮುಗಿಸಿಬಿಡೋಣ. 1986ರ ಎಮ್ಟಾಲಾ ಕಾಯ್ದೆಯ ಪ್ರಕಾರ ಮೆಡಿಕೇರ್ ಯೋಜನೆಯಲ್ಲಿರುವ, ಅಂದರೆ ಬಹುತೇಕ ಎಲ್ಲ ಆಸ್ಪತ್ರೆಗಳ ತುರ್ತು ವಿಭಾಗಗಳು, ದುಡ್ಡಿರಲಿ ಇಲ್ಲದಿರಲಿ, ಬಂದವರನ್ನು ಪರೀಕ್ಷಿಸಿ ಅವರ ಸ್ಥಿತಿ ಸ್ಥಿರವಾಗುವವರೆಗೆ ಚಿಕಿತ್ಸೆ ಕೊಡಲೇಬೇಕು. ಆಮೇಲೆ ಬಿಲ್ ಕಳುಹಿಸಬಾರದು ಎಂದು ಮಾತ್ರ ಆ ಕಾಯ್ದೆ ಹೇಳುವುದಿಲ್ಲ. ತುರ್ತು ಅಲ್ಲದ ಚಿಕಿತ್ಸೆಗಂತೂ ಅದು ಅನ್ವಯಿಸುವುದೇ ಇಲ್ಲ.

ಮೊದಲನೆಯ ನಂಬಿಕೆಗೆ ಹೆಚ್ಚು ಜಾಗ ಬೇಕು.

ನಾಲ್ಕು ಪದಗಳ ಲೆಕ್ಕ

ಅಮೆರಿಕದ ವಿಮೆ ಅರ್ಥವಾಗಬೇಕಾದರೆ ನಾಲ್ಕು ಪದಗಳು ಗೊತ್ತಿರಬೇಕು. ಪ್ರತಿ ತಿಂಗಳು ಕಟ್ಟುವ ಹಣವಲ್ಲದೆ, ಅಂದರೆ ಪ್ರೀಮಿಯಂ ಅಲ್ಲದೆ, ಚಿಕಿತ್ಸೆ ಪಡೆದಾಗ ನಮ್ಮ ಜೇಬಿನಿಂದ ಹೋಗುವ ಹಣದ ಲೆಕ್ಕ ಇವುಗಳಲ್ಲಿದೆ. ವರ್ಷದಲ್ಲಿ ಮೊದಲು ನಾವೇ ಪೂರ್ತಿ ಕೊಡಬೇಕಾದ ಮೊತ್ತ ಡಿಡಕ್ಟಿಬಲ್. ಅದು ಮುಗಿದ ಮೇಲೆ ಪ್ರತಿ ಬಿಲ್ಲಿನಲ್ಲಿ ನಾವು ಕೊಡುವ ಶೇಕಡಾವಾರು ಪಾಲು ಕೋಇನ್ಶೂರೆನ್ಸ್. ವೈದ್ಯರ ಭೇಟಿಗೋ ಔಷಧಿಗೋ ಇಂತಿಷ್ಟು ಎಂದು ನಿಗದಿಯಾದ ಹಣ ಕೋಪೇ. ಒಂದು ವರ್ಷದಲ್ಲಿ ನಮ್ಮಿಂದ ಕೇಳಬಹುದಾದ ಗರಿಷ್ಠ ಮೊತ್ತ ಔಟ್ ಆಫ್ ಪಾಕೆಟ್ ಮಿತಿ.

ಒಂದು ಉದಾಹರಣೆ ನೋಡೋಣ. ಶಸ್ತ್ರಚಿಕಿತ್ಸೆಯೊಂದಕ್ಕೆ ಆಸ್ಪತ್ರೆಯೂ ವಿಮಾ ಕಂಪನಿಯೂ ಒಪ್ಪಿಕೊಂಡ ದರ 20,000 ಡಾಲರ್ ಎಂದಿಟ್ಟುಕೊಳ್ಳಿ. ಡಿಡಕ್ಟಿಬಲ್ 2,000, ಕೋಇನ್ಶೂರೆನ್ಸ್ ಶೇ. 20, ವಾರ್ಷಿಕ ಮಿತಿ 5,000 ಡಾಲರ್. ಮೊದಲ 2,000 ನಮ್ಮದು. ಉಳಿದ 18,000ದಲ್ಲಿ ಶೇ. 20 ಎಂದರೆ 3,600. ಒಟ್ಟು 5,600 ಆಗುತ್ತದೆ, ಆದರೆ ಮಿತಿ ಇರುವುದರಿಂದ 5,000ಕ್ಕೆ ನಿಲ್ಲುತ್ತದೆ. ವಿಮೆ ಇದೆ, ಪ್ರೀಮಿಯಂ ಕಟ್ಟಿದ್ದೂ ಆಗಿದೆ, ಆದರೂ 5,000 ಡಾಲರ್ ಬಿಲ್. ಇದರಲ್ಲಿ ಯಾರೂ ಮೋಸ ಮಾಡಿಲ್ಲ. ಪಾಲಿಸಿ ಕೆಲಸ ಮಾಡಬೇಕಾದ್ದೇ ಹೀಗೆ.

ಇಲ್ಲಿ ಕ್ಯಾಲೆಂಡರಿನದೂ ಒಂದು ಪಾತ್ರವಿದೆ. ಹೆಚ್ಚಿನ ಪಾಲಿಸಿಗಳಲ್ಲಿ ಡಿಡಕ್ಟಿಬಲ್ ಜನವರಿ 1ಕ್ಕೆ ಮತ್ತೆ ಸೊನ್ನೆಯಿಂದ ಶುರು. ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಜನವರಿಯಲ್ಲಿ ಮುಂದಿನ ತಪಾಸಣೆ, ಫಿಸಿಯೋಥೆರಪಿ ಇದ್ದರೆ ಮೊದಲ ಡಾಲರಿನಿಂದ ಮತ್ತೆ ಕೊಡುತ್ತಾ ಹೋಗಬೇಕು.

ಇದೆಲ್ಲ ಗೊಂದಲ ಅನಿಸಿದರೆ ಸಂಕೋಚ ಬೇಡ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದೇ ನಾಲ್ಕು ಪರಿಕಲ್ಪನೆಗಳ ಬಗ್ಗೆ ಕೇಳಿದ ಬಹು ಆಯ್ಕೆಯ ಪ್ರಶ್ನೆಗಳಿಗೆಲ್ಲ ಸರಿಯುತ್ತರ ಕೊಟ್ಟವರು ಶೇ. 14 ಮಾತ್ರ. ಅವರೆಲ್ಲ ವಿಮೆ ಹೊಂದಿದ್ದ ಅಮೆರಿಕನ್ನರೇ. ಬಳಸುವವರಿಗೇ ಅರ್ಥವಾಗದ ಭಾಷೆಯಲ್ಲಿ ಬರೆದ ಕರಾರನ್ನು 'ಗ್ರಾಹಕರ ಆಯ್ಕೆ' ಎಂದು ಕರೆಯುವುದು ಎಷ್ಟು ಸರಿ ಎನ್ನುವ ಅನುಮಾನ ನಮಗಂತೂ ಇದೆ.

ರೋಗಿಯೂ ಸ್ವಲ್ಪ ಕೊಡುವಂತಿದ್ದರೆ ಅನಗತ್ಯ ಚಿಕಿತ್ಸೆ ಕಡಿಮೆಯಾಗುತ್ತದೆ ಎನ್ನುವುದು ಈ ಏರ್ಪಾಡಿನ ಹಿಂದಿನ ತರ್ಕ. ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ರ‍್ಯಾಂಡ್ ಸಂಸ್ಥೆ 1970ರ ದಶಕದಲ್ಲಿ ಶುರುಮಾಡಿ ಹಲವು ವರ್ಷ ನಡೆಸಿದ ದೊಡ್ಡ ಪ್ರಯೋಗದಲ್ಲಿ ಬೇರೆಬೇರೆ ಕುಟುಂಬಗಳಿಗೆ ಬೇರೆಬೇರೆ ಬಗೆಯ ವಿಮೆ ಕೊಡಲಾಯಿತು. ಜೇಬಿನಿಂದ ಕೊಡಬೇಕಾದವರು ಚಿಕಿತ್ಸೆ ಕಡಿಮೆ ಪಡೆದದ್ದು ನಿಜ. ಆದರೆ ಅವರು ಬೇಡದ್ದನ್ನಷ್ಟೇ ಅಲ್ಲ, ಬೇಕಾದ್ದನ್ನೂ ಅದೇ ಪ್ರಮಾಣದಲ್ಲಿ ಬಿಟ್ಟರು. ಎದೆನೋವು ಗ್ಯಾಸಿನದೋ ಹೃದಯದ್ದೋ ಎಂದು ಮನೆಯಲ್ಲಿ ಕುಳಿತು ನಿರ್ಧರಿಸುವುದು ರೋಗಿಯ ಕೈಯಲ್ಲಿ ಆಗುವ ಕೆಲಸವಲ್ಲವಲ್ಲ!

ಕೆಲಸಕ್ಕೂ ವಿಮೆಗೂ ಗಂಟು ಬಿದ್ದದ್ದು

ಅಮೆರಿಕದ ಅರವತ್ತೈದು ವರ್ಷದೊಳಗಿನ ಹೆಚ್ಚಿನವರಿಗೆ ವಿಮೆ ಬರುವುದು ಕೆಲಸದ ಮೂಲಕ. ಇದನ್ನು ಯಾರೂ ಕೂತು ಯೋಜಿಸಿದ್ದಲ್ಲ. 1929ರಲ್ಲಿ ಡಲ್ಲಾಸ್‌ನ ಬೇಲರ್ ಆಸ್ಪತ್ರೆ ಅಲ್ಲಿನ ಶಾಲಾ ಶಿಕ್ಷಕರಿಗೆ ತಿಂಗಳಿಗೆ 50 ಸೆಂಟಿನಂತೆ ಕಟ್ಟಿಸಿಕೊಂಡು ವರ್ಷಕ್ಕೆ 21 ದಿನಗಳ ಆಸ್ಪತ್ರೆವಾಸ ಒದಗಿಸುವ ಯೋಜನೆ ಮಾಡಿತ್ತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಬೆಲೆಯೇರಿಕೆ ತಡೆಯಲೆಂದು ಸರ್ಕಾರ ವೇತನ ಹೆಚ್ಚಳಕ್ಕೆ ಕಡಿವಾಣ ಹಾಕಿತು. ಕೆಲಸಗಾರರು ಸಿಗದೆ ಪರದಾಡುತ್ತಿದ್ದ ಕಂಪನಿಗಳು ಸಂಬಳದ ಬದಲು ವಿಮೆಯ ಆಸೆ ತೋರಿಸಿದವು. ವಿಮೆಗೆ ಆ ನಿರ್ಬಂಧ ಇರಲಿಲ್ಲ. ಕಂಪನಿ ಕಟ್ಟುವ ಪ್ರೀಮಿಯಂ ಉದ್ಯೋಗಿಯ ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದು 1954ರ ತೆರಿಗೆ ಸಂಹಿತೆಯಲ್ಲಿ ಖಚಿತವಾಯಿತು. ಯುದ್ಧ ಮುಗಿದರೂ ಗಂಟು ಬಿಚ್ಚಲಿಲ್ಲ. ಎಲ್ಲರಿಗೂ ರಾಷ್ಟ್ರೀಯ ವಿಮೆ ಬೇಕೆಂದು ಅಧ್ಯಕ್ಷ ಟ್ರೂಮನ್ 1945ರಲ್ಲೇ ಕೇಳಿದ್ದರು, ವೈದ್ಯರ ಸಂಘದ ವಿರೋಧದ ನಡುವೆ ಅದು ಆಗಲಿಲ್ಲ. ಹಿರಿಯರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂದದ್ದು 1965ರಲ್ಲಿ.

ಆರೋಗ್ಯ ನೀತಿಯ ಅಧ್ಯಯನ ಮಾಡುವ ಕೆಎಫ್‌ಎಫ್ ಸಂಸ್ಥೆಯ ಸಮೀಕ್ಷೆಯ ಪ್ರಕಾರ 2024ರಲ್ಲಿ ಕೆಲಸದ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಪ್ರೀಮಿಯಂ 25,572 ಡಾಲರ್. ಅದರಲ್ಲಿ ಉದ್ಯೋಗಿಯ ಸಂಬಳದಿಂದ ಕಾಣುವಂತೆ ಕಡಿತವಾಗುವುದು 6,296 ಡಾಲರ್. ಉಳಿದದ್ದು ಕಂಪನಿಯದು ಎನ್ನುತ್ತೇವೆ. ಆದರೆ ಬಹುಪಾಲು ಅರ್ಥಶಾಸ್ತ್ರಜ್ಞರ ಪ್ರಕಾರ ಅದೂ ಸಂಬಳವಾಗಿ ಸಿಗಬಹುದಾಗಿದ್ದ ಹಣವೇ.

ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ಎಚ್-1ಬಿ ವೀಸಾದಲ್ಲಿರುವ ನಮ್ಮ ಎಂಜಿನಿಯರುಗಳಿಗೆ ಇದು ಎರಡು ಕಡೆಯಿಂದ ಬೀಳುವ ಪೆಟ್ಟು: ಹೊಸ ಕೆಲಸ ಹುಡುಕಲು ಇರುವುದು ಹೆಚ್ಚೆಂದರೆ 60 ದಿನ, ಅದೇ ಹೊತ್ತಿಗೆ ಮನೆಮಂದಿಯ ವಿಮೆಯೂ ಇಲ್ಲ. 20 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಲ್ಲಿ ಹಳೆಯ ವಿಮೆಯನ್ನೇ ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಲು ಕೋಬ್ರಾ ಎನ್ನುವ ಕಾನೂನು ಅವಕಾಶ ಕೊಡುತ್ತದೆ. ಆದರೆ ಆಗ ಕಂಪನಿಯ ಪಾಲನ್ನೂ ಸೇರಿಸಿ ಪ್ರೀಮಿಯಂನ ಶೇ. 102ರವರೆಗೆ ನಾವೇ ಕಟ್ಟಬೇಕು. ಮೇಲಿನ ಸರಾಸರಿಯ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 2,170 ಡಾಲರ್, ಅದೂ ಸಂಬಳ ನಿಂತ ತಿಂಗಳಿನಲ್ಲಿ. ಹೆಚ್ಚಿನವರಿಗೆ ತಿಳಿಯದ ಒಂದು ಅನುಕೂಲವೂ ಇಲ್ಲಿದೆ. ಕೋಬ್ರಾ ಬೇಕೋ ಬೇಡವೋ ಎಂದು ಹೇಳಲು 60 ದಿನ ಸಮಯವಿರುತ್ತದೆ, ಬೇಕೆಂದರೆ ಹಳೆಯ ವಿಮೆ ಮುಗಿದ ದಿನದಿಂದಲೇ ಅನ್ವಯವಾಗುತ್ತದೆ. ಆ ಅವಧಿಯ ಪ್ರೀಮಿಯಂ ಮಾತ್ರ ಕಟ್ಟಲೇಬೇಕು.

ಸ್ವಂತವಾಗಿ ಕೊಳ್ಳುವವರ ಪಾಡು

ಕೆಲಸದ ವಿಮೆ ಇಲ್ಲದವರು 2010ರ ಅಫೋರ್ಡಬಲ್ ಕೇರ್ ಆಕ್ಟ್, ಅಂದರೆ ಒಬಾಮಾಕೇರ್, ಅಡಿಯಲ್ಲಿ ಶುರುವಾದ ಮಾರುಕಟ್ಟೆಯಿಂದ ವಿಮೆ ಕೊಳ್ಳಬಹುದು. ಸಕ್ಕರೆ ಕಾಯಿಲೆ ಇದೆ, ಹಿಂದೆ ಕ್ಯಾನ್ಸರ್ ಇತ್ತು ಎಂದು ಅಲ್ಲಿ ಯಾರಿಗೂ ವಿಮೆ ನಿರಾಕರಿಸುವಂತಿಲ್ಲ, ಹೆಚ್ಚು ಪ್ರೀಮಿಯಂ ಕೇಳುವಂತಿಲ್ಲ. ಇದು ದೊಡ್ಡ ಬದಲಾವಣೆ, ಅನುಮಾನವೇ ಇಲ್ಲ. ಆದರೆ ವಯಸ್ಸಿಗೆ ತಕ್ಕಂತೆ ದರ ಹೆಚ್ಚಿಸಬಹುದು: ಅರವತ್ತು ದಾಟಿದವರಿಂದ ಇಪ್ಪತ್ತೊಂದರ ತರುಣರ ಮೂರು ಪಟ್ಟಿನವರೆಗೂ ಕೇಳಬಹುದು.

ಈ ಭಾರವನ್ನು ಸರ್ಕಾರ ತೆರಿಗೆ ರಿಯಾಯಿತಿಯ ರೂಪದಲ್ಲಿ ಇಳಿಸುತ್ತದೆ. 2021ರಲ್ಲಿ ಹೆಚ್ಚಿಸಿದ್ದ ಆ ರಿಯಾಯಿತಿಯ ಅವಧಿ 2025ರ ಕೊನೆಗೆ ಮುಗಿಯಿತು. ಅದರ ವಿಸ್ತರಣೆಯ ಜಗಳದಲ್ಲೇ ಆ ವರ್ಷ ಅಕ್ಟೋಬರ್ 1ರಿಂದ 43 ದಿನ ಕೇಂದ್ರ ಸರ್ಕಾರದ ಕಚೇರಿಗಳು ಬಾಗಿಲು ಹಾಕಿದ್ದವು. ಹಳೆಯ ನಿಯಮದಲ್ಲಿ ಬಡತನ ರೇಖೆಯ ನಾಲ್ಕು ಪಟ್ಟಿಗಿಂತ ಹೆಚ್ಚು ಆದಾಯವಿದ್ದರೆ ರಿಯಾಯಿತಿ ಇಲ್ಲವೇ ಇಲ್ಲ. ಒಬ್ಬರೇ ಇರುವವರಿಗೆ 2026ರ ಲೆಕ್ಕದಲ್ಲಿ ಆ ಗೆರೆ 62,600 ಡಾಲರ್. ಗೆರೆಯಿಂದ ಒಂದು ಡಾಲರ್ ಆಚೆ ಹೋದ ಅರವತ್ತರ ಸ್ವಂತ ಉದ್ಯೋಗಿಗೆ ಪೂರ್ತಿ ಪ್ರೀಮಿಯಂ.

ವಿಚಿತ್ರವೆಂದರೆ ಇನ್ನೊಂದು ತುದಿಯಲ್ಲೂ ಇಂಥದ್ದೇ ಹಳ್ಳವಿದೆ. ಬಡತನ ರೇಖೆಯ ಆಸುಪಾಸಿನ ವಯಸ್ಕರಿಗೆ ಎಲ್ಲ ರಾಜ್ಯಗಳೂ ಮೆಡಿಕೇಡ್ ಕೊಡಬೇಕು ಎನ್ನುವುದು ಕಾಯ್ದೆಯ ಉದ್ದೇಶವಾಗಿತ್ತು. ರಾಜ್ಯಗಳನ್ನು ಹಾಗೆ ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಟೆಕ್ಸಾಸ್, ಫ್ಲಾರಿಡಾ ಸೇರಿದಂತೆ ಹತ್ತು ರಾಜ್ಯಗಳು 2025ರವರೆಗೂ ಒಪ್ಪಿರಲಿಲ್ಲ. ಹೀಗಾಗಿ ಟೆಕ್ಸಾಸ್‌ನಲ್ಲಿ ಮಕ್ಕಳಿಲ್ಲದ, ಬಡತನ ರೇಖೆಗಿಂತ ಕೆಳಗಿರುವ ಆರೋಗ್ಯವಂತ ವಯಸ್ಕರಿಗೆ ಮೆಡಿಕೇಡ್ ಸಿಗುವುದಿಲ್ಲ. ರಿಯಾಯಿತಿ ಶುರುವಾಗುವುದು ಆ ರೇಖೆಯಿಂದ ಮೇಲೆ ಆದ್ದರಿಂದ ಅದೂ ಸಿಗುವುದಿಲ್ಲ. ಅತಿ ಬಡವರಿಗೇ ಏನೂ ಇಲ್ಲ. ಇಡೀ ದೇಶದಲ್ಲಿ 2023ರಲ್ಲಿ ವಿಮೆ ಇಲ್ಲದವರ ಸಂಖ್ಯೆ ಸುಮಾರು 2.6 ಕೋಟಿ.

ದುಬಾರಿ ಆಗಿರುವುದು ಯಾವುದು?

ವಿಮಾ ಕಂಪನಿಗಳ ಲಾಭಕೋರತನವೇ ಎಲ್ಲಕ್ಕೂ ಕಾರಣ ಎನ್ನುವ ಮಾತು ಅಲ್ಲಿ ಸಾಮಾನ್ಯ. ಸಿಟ್ಟು ಅರ್ಥವಾಗುವಂಥದ್ದು, ಆದರೆ ಲೆಕ್ಕ ಅಷ್ಟು ಸರಳವಲ್ಲ. ಕಾನೂನಿನ ಪ್ರಕಾರ ಕಂಪನಿಗಳು ಪ್ರೀಮಿಯಂನ ಶೇ. 80ರಿಂದ 85ರಷ್ಟನ್ನು ಚಿಕಿತ್ಸೆಗೆ ಹಾಗೂ ಅದರ ಗುಣಮಟ್ಟಕ್ಕೆ ಖರ್ಚುಮಾಡಬೇಕು, ಇಲ್ಲದಿದ್ದರೆ ವ್ಯತ್ಯಾಸವನ್ನು ಮರಳಿಸಬೇಕು. ದೊಡ್ಡ ಮೊತ್ತ ಹೋಗುತ್ತಿರುವುದು ಚಿಕಿತ್ಸೆಯ ದರಕ್ಕೆ. ಅಮೆರಿಕ 2023ರಲ್ಲಿ ಆರೋಗ್ಯಕ್ಕೆ ಖರ್ಚುಮಾಡಿದ್ದು 4.9 ಲಕ್ಷ ಕೋಟಿ ಡಾಲರ್, ತಲಾ 14,570 ಡಾಲರ್, ದೇಶದ ಒಟ್ಟು ಉತ್ಪನ್ನದ ಶೇ. 17.6. ಜರ್ಮನಿಯಲ್ಲಿ ಈ ಪಾಲು ಸುಮಾರು ಶೇ. 12, ಅಲ್ಲಿ ಬಹುತೇಕ ಎಲ್ಲರಿಗೂ ವಿಮೆ ಇದೆ. ಅಮೆರಿಕನ್ನರು ಹೆಚ್ಚು ಸಲ ಆಸ್ಪತ್ರೆಗೆ ಹೋಗುತ್ತಾರೆಂದು ಈ ವ್ಯತ್ಯಾಸ ಬಂದದ್ದಲ್ಲ. ಹೋದ ಪ್ರತಿ ಸಲಕ್ಕೂ ಅಲ್ಲಿ ದರ ಹೆಚ್ಚು.

ದರ ನಿಗದಿಯಾಗುವ ಬಗೆಯೇ ಬೇರೆ. ಮೆಡಿಕೇರ್ ತನ್ನ ದರವನ್ನು ತಾನೇ ಗೊತ್ತುಮಾಡುತ್ತದೆ. ಖಾಸಗಿ ವಿಮೆಯಲ್ಲಿ ಪ್ರತಿ ಕಂಪನಿಯೂ ಪ್ರತಿ ಆಸ್ಪತ್ರೆಯೊಂದಿಗೆ ಪ್ರತ್ಯೇಕವಾಗಿ ಚೌಕಾಸಿ ಮಾಡುತ್ತದೆ. ಊರಿನಲ್ಲಿ ಒಂದೇ ದೊಡ್ಡ ಆಸ್ಪತ್ರೆ ಸಮೂಹವಿದ್ದರೆ ಚೌಕಾಸಿಯಲ್ಲಿ ಗೆಲ್ಲುವುದು ಯಾರೆಂದು ಹೇಳಬೇಕಿಲ್ಲ. ರ‍್ಯಾಂಡ್ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಖಾಸಗಿ ವಿಮೆಗಳು ಆಸ್ಪತ್ರೆಗಳಿಗೆ ಕೊಟ್ಟದ್ದು ಅದೇ ಸೇವೆಗೆ ಮೆಡಿಕೇರ್ ಕೊಡುತ್ತಿದ್ದುದರ ಸರಾಸರಿ ಎರಡೂವರೆ ಪಟ್ಟು.

ಇಷ್ಟು ಹೇಳಿದ ಮಾತ್ರಕ್ಕೆ ವಿಮಾ ಕಂಪನಿಗಳಿಗೆ ಶಹಬ್ಬಾಸ್ ಹೇಳಿದಂತಲ್ಲ. ನೂರಕ್ಕೆ ಹದಿನೈದು ಎನ್ನುವುದು ದರ ಏರಿದಂತೆಲ್ಲ ತಾನೂ ಏರುವ ಮೊತ್ತ, ಹಾಗಾಗಿ ದರ ಇಳಿಸುವ ಆತುರ ಅವಕ್ಕೂ ಕಡಿಮೆ. ಖರ್ಚು ತಡೆಯಲು ಅವು ಬಳಸುವ ದಾರಿಗಳು ರೋಗಿಯನ್ನೇ ಸುಸ್ತುಮಾಡುವಂಥವು: ಚಿಕಿತ್ಸೆಗೆ ಮುಂಚೆ ಅನುಮತಿ ಬೇಕು ಎನ್ನುವುದು, ಕ್ಲೇಮ್ ತಿರಸ್ಕರಿಸುವುದು, ನೆಟ್‌ವರ್ಕ್ ಕಿರಿದಾಗಿಸುವುದು. ಪಟ್ಟಿಯಲ್ಲಿ ಹೆಸರಿದ್ದೂ ಸಿಗದ ವೈದ್ಯರ ನೆಟ್‌ವರ್ಕಿಗೆ ಅಲ್ಲಿ 'ಭೂತದ ನೆಟ್‌ವರ್ಕ್' ಎಂದೇ ಹೆಸರು. 2023ರಲ್ಲಿ ಸೆನೆಟ್‌ನ ಹಣಕಾಸು ಸಮಿತಿಯ ಸಿಬ್ಬಂದಿ ಕೆಲವು ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳ ಪಟ್ಟಿಯಲ್ಲಿದ್ದ 120 ಮಾನಸಿಕ ಆರೋಗ್ಯ ತಜ್ಞರ ಸಂಖ್ಯೆಗಳಿಗೆ ಕರೆಮಾಡಿ ನೋಡಿದರು. ಭೇಟಿಗೆ ಸಮಯ ಸಿಕ್ಕಿದ್ದು ಶೇ. 18 ಕರೆಗಳಲ್ಲಿ ಮಾತ್ರ. ಖಿನ್ನತೆಯಿಂದ ಬಳಲುತ್ತಿರುವವರು ಇಂಥ ಪಟ್ಟಿ ಹಿಡಿದು ಎಷ್ಟು ಫೋನ್ ಮಾಡಿಯಾರು?

ಕ್ಲೇಮ್ ತಿರಸ್ಕಾರದ ವಿಷಯದಲ್ಲಿ ಮಾತ್ರ ಓದುಗರು ನೆನಪಿಡಬೇಕಾದ ಒಂದು ಸಂಗತಿಯಿದೆ. ಕೆಎಫ್‌ಎಫ್ ವಿಶ್ಲೇಷಣೆಯಂತೆ ಸರ್ಕಾರಿ ಮಾರುಕಟ್ಟೆಯ ವಿಮೆಗಳು 2023ರಲ್ಲಿ ನೆಟ್‌ವರ್ಕ್ ಒಳಗಿನ ಕ್ಲೇಮುಗಳಲ್ಲೇ ಸುಮಾರು ಐದರಲ್ಲಿ ಒಂದನ್ನು ತಿರಸ್ಕರಿಸಿದವು. ಮೇಲ್ಮನವಿ ಸಲ್ಲಿಸಿದವರು ನೂರಕ್ಕೆ ಒಬ್ಬರೂ ಇಲ್ಲ. ಸಲ್ಲಿಸಿದವುಗಳಲ್ಲಿ ಶೇ. 40ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಕಂಪನಿಯೇ ತನ್ನ ತೀರ್ಮಾನ ಬದಲಿಸಿತು! ತಿರಸ್ಕಾರದ ಪತ್ರ ಬಂದ 180 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲೂ ಆಗದಿದ್ದರೆ, ಚಿಕಿತ್ಸೆ ಅಗತ್ಯವಿತ್ತೋ ಇಲ್ಲವೋ ಎನ್ನುವಂಥ ತಕರಾರನ್ನು ಕಂಪನಿಗೆ ಸೇರದ ಹೊರಗಿನ ಪರಿಶೀಲಕರ ಮುಂದಿಡಬಹುದು.

ಅಪ್ಪ-ಅಮ್ಮ ಅಮೆರಿಕಕ್ಕೆ ಹೊರಟಾಗ

ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಹೋಗುವ ಹಿರಿಯರಿಗೆ ಮೇಲೆ ಹೇಳಿದ ರಕ್ಷಣೆಗಳಲ್ಲಿ ಹೆಚ್ಚಿನವು ಅನ್ವಯಿಸುವುದಿಲ್ಲ. ಪ್ರವಾಸಿ ವೀಸಾದಲ್ಲಿ ಬಂದವರು ಅಲ್ಲಿನ ನಿವಾಸಿಗಳಲ್ಲ, ಮಾರುಕಟ್ಟೆಯ ವಿಮೆ ಅವರಿಗಿಲ್ಲ. ಅವರು ಕೊಳ್ಳುವುದು ಪ್ರವಾಸಿ ವಿಮೆ. ಅದರಲ್ಲಿ ಮೊದಲೇ ಇದ್ದ ಬಿಪಿ, ಶುಗರ್, ಹೃದಯದ ತೊಂದರೆಗಳಿಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಹಲವು ಪಾಲಿಸಿಗಳು ಹಳೆಯ ಕಾಯಿಲೆ 'ಹಠಾತ್ತಾಗಿ ಉಲ್ಬಣಿಸಿದರೆ' ಕೊಡುತ್ತೇವೆ ಎನ್ನುತ್ತವೆ. ಹಠಾತ್ ಎಂದರೇನು, ಎಷ್ಟು ಗಂಟೆಯೊಳಗೆ ಚಿಕಿತ್ಸೆ ಪಡೆದಿರಬೇಕು, ಎಪ್ಪತ್ತು ದಾಟಿದವರಿಗೆ ಮಿತಿ ಎಷ್ಟು ಎನ್ನುವುದನ್ನು ಕೊಳ್ಳುವ ಮುಂಚೆ ಓದಿ ನೋಡಬೇಕು. ಅಗ್ಗದ ಪಾಲಿಸಿಗಳು ಸಾಮಾನ್ಯವಾಗಿ ಪ್ರತಿ ಸೇವೆಗೂ ಇಂತಿಷ್ಟೇ ಎಂದು ನಿಗದಿತ ಮೊತ್ತ ಕೊಡುವಂಥವು. ಅಲ್ಲಿನ ದರದ ಮುಂದೆ ಆ ಮೊತ್ತ ಏನೇನೂ ಅಲ್ಲ, ಉಳಿದದ್ದೆಲ್ಲ ಮಕ್ಕಳ ತಲೆಯ ಮೇಲೆ.

ದಿನಾ ನುಂಗುವ ಮಾತ್ರೆಗೂ ಈ ವಿಮೆ ಒದಗುವುದಿಲ್ಲ. ನಮ್ಮ ಹಿರಿಯರು ಚಟ್ನಿಪುಡಿ, ಹಪ್ಪಳದ ಜೊತೆಗೆ ತಿಂಗಳುಗಟ್ಟಲೆಯ ಬಿಪಿ ಮಾತ್ರೆಯನ್ನೂ ಸೂಟ್‌ಕೇಸಿನಲ್ಲಿ ತುಂಬಿಕೊಳ್ಳುವುದನ್ನು ನೋಡಿ ನಗುವವರಿದ್ದಾರೆ. ಅದು ಜಿಪುಣತನವಲ್ಲ. ಮಾತ್ರೆಗಳು ಅಂಗಡಿಯಲ್ಲಿ ಕೊಟ್ಟ ಪೊಟ್ಟಣದಲ್ಲೇ ಇರಲಿ, ವೈದ್ಯರ ಚೀಟಿ ಇಂಗ್ಲಿಷಿನಲ್ಲಿ, ಔಷಧಿಯ ಮೂಲ ಹೆಸರಿನೊಂದಿಗೆ, ಕೈಚೀಲದಲ್ಲೇ ಇರಲಿ.