ಬಾಲಪ್ರತಿಭೆ: ಕಲಿಸಿದವರ ಹೆಸರೆಲ್ಲಿ?

ಕಿರುತೆರೆಯಲ್ಲಿ ಮಕ್ಕಳ ಸ್ಪರ್ಧೆಗಳು ಹೆಚ್ಚಿದ ಮೇಲೆ ಬಾಲಕಲಾವಿದರ ಬಗ್ಗೆ ಒಂದೇ ಮಾತು ಚಾಲ್ತಿಗೆ ಬಂದಿದೆ: ಪ್ರತಿಭೆ ಹುಟ್ಟಿನಿಂದ ಬರುತ್ತದೆ, ವೇದಿಕೆ ಸಿಕ್ಕರೆ ಸಾಕು. ಈ ನಂಬಿಕೆ ಮಕ್ಕಳಿಗೂ ಹಿತವಲ್ಲ, ನಮ್ಮ ರಂಗಚರಿತ್ರೆಗೂ ಒಪ್ಪುವುದಿಲ್ಲ. ಮೈಸೂರು ಜಿಲ್ಲೆಯ ಕವಲಂದೆಯ ಆಸುಪಾಸಿನ ನಂಜನಗೂಡು, ತಿ. ನರಸೀಪುರ ಸೀಮೆಯೇ ಇದಕ್ಕೆ ಸಾಕ್ಷಿ. ನಂಜನಗೂಡು, ಮೂಗೂರುಗಳ ಗುಡಿನೃತ್ಯದ ಮನೆತನಗಳಲ್ಲಿ ಹೆಣ್ಣುಮಕ್ಕಳು ಎಳವೆಯಲ್ಲೇ ಗೆಜ್ಜೆ ಕಟ್ಟುತ್ತಿದ್ದರು. ಅತ್ತ ಮೈಸೂರಿನಲ್ಲಿ ನರ್ತಕಿ ಕೆ. ವೆಂಕಟಲಕ್ಷಮ್ಮನವರು ಜಟ್ಟಿ ತಾಯಮ್ಮನವರ ಶಿಷ್ಯೆಯಾದದ್ದು ಎಂಟರ ವಯಸ್ಸಿನಲ್ಲಿ. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ರದ್ದುಮಾಡಿತು. ನಂಜನಗೂಡಿನ ದೇವದಾಸಿಯರು ಸಲ್ಲಿಸಿದ ಮನವಿ ಫಲ ಕೊಡಲಿಲ್ಲ. ಆ ಪದ್ಧತಿಯ ಅನ್ಯಾಯ ಕೊನೆಯಾಗಲೇಬೇಕಿತ್ತು. ಆದರೆ ಕಲಿಸುವ ಮನೆಗಳಿಗಿದ್ದ ಆಸರೆಯೂ ಅದರೊಂದಿಗೇ ತಪ್ಪಿತು. ನರ್ತಕಿ ಮೂಗೂರು ಜೇಜಮ್ಮನವರಂಥವರ ಛಲದಿಂದ ಮೂಗೂರು ನೃತ್ಯಶೈಲಿ ಉಳಿಯಿತು.

ಮುಂದೆ ಮಕ್ಕಳಿಗೆ ಕಲಿಸುವ ಹೊಣೆ ವೃತ್ತಿನಾಟಕ ಕಂಪನಿಗಳ ಪಾಲಿಗೆ ಬಂತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಬಂದ ಬಾಲಕ ಮುತ್ತುರಾಜ್ ರಾಜ್‌ಕುಮಾರ್ ಆಗಿ ಬೆಳೆದರು. ಮಂಚಿಯಿಂದ ಓಡಿಬಂದು ಅದೇ ಕಂಪನಿ ಸೇರಿದ ಹುಡುಗ ಬಿ.ವಿ. ಕಾರಂತರಾದರು. ಕಂಪನಿಯ ಬದುಕು ಮಕ್ಕಳ ಶಾಲೆಯನ್ನು ಕಸಿದುಕೊಂಡಿತು, ನಿಜ. ಕಂಠ, ಮಾತು, ನಡೆಗಳನ್ನು ಮಾತ್ರ ನಿತ್ಯ ತಿದ್ದಿತು.

ನಮ್ಮ ತಲೆಮಾರು ಕಣ್ಣಾರೆ ಕಂಡ ಹೊಸ ಅಲೆಯ ಸಿನಿಮಾ ಬಾಲನಟನೆಯ ಅರ್ಥವನ್ನೇ ಬದಲಿಸಿತು. ‘ಕಾಡು’ (1973) ಚಿತ್ರದ ಜಿ.ಎಸ್. ನಟರಾಜ್, ‘ಘಟಶ್ರಾದ್ಧ’ದ (1977) ಅಜಿತ್ ಕುಮಾರ್ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಎರಡೂ ಕಡೆ ಹುಡುಗ ಸಾಕ್ಷಿ: ದೊಡ್ಡವರ ಹಿಂಸೆಯನ್ನು ಕಣ್ಣಲ್ಲಿ ತುಂಬಿಕೊಳ್ಳುವುದೇ ಅವನ ಅಭಿನಯ. ಗಿರೀಶ ಕಾರ್ನಾಡ, ಗಿರೀಶ ಕಾಸರವಳ್ಳಿಯವರು ಮಕ್ಕಳಿಂದ ಪಾಂಡಿತ್ಯದ ಡೈಲಾಗು ಹೇಳಿಸಲಿಲ್ಲ, ನೋಡುವುದನ್ನು ಕಲಿಸಿದರು. ಕನ್ನಡ ಬಾಲನಟನೆಯ ಅತ್ಯುತ್ತಮ ಕಾಲ ಅದೇ. ಎನ್. ಲಕ್ಷ್ಮೀನಾರಾಯಣರ ‘ಬೆಟ್ಟದ ಹೂವು’ (1985) ಚಿತ್ರದ ಪುನೀತ್, ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ನ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ‘ಕೊಟ್ರೇಶಿ ಕನಸು’ (1994) ಚಿತ್ರದ ವಿಜಯ ರಾಘವೇಂದ್ರ ಅದೇ ದಾರಿಯವರು. ರಂಗಭೂಮಿಯಲ್ಲಿ ಕಾರಂತರು ಬಂಗಾಳದ ರವೀಂದ್ರರ ಗಿಳಿಯ ಕಥೆಯನ್ನು ‘ಪಂಜರ ಶಾಲೆ’ಯಾಗಿಸಿ ಮಕ್ಕಳ ಕೈಗಿತ್ತರು. 1989ರಲ್ಲಿ ಅವರು ಮೈಸೂರಿನಲ್ಲಿ ಕಟ್ಟಿದ ರಂಗಾಯಣದ ಚಿಣ್ಣರ ಮೇಳ ಅದೇ ನಂಬಿಕೆಯ ಫಲ.

ಪುನೀತ್ ನಟ ರಾಜ್‌ಕುಮಾರ್ ಅವರ ಮಗ, ನೃತ್ಯಪಟು ಪ್ರಭುದೇವ ಮೂಗೂರು ಸುಂದರ್ ಅವರ ಮಗ; ಇದು ರಕ್ತದ ಗುಣವಲ್ಲದೆ ಮತ್ತೇನು ಎಂಬ ಆಕ್ಷೇಪ ಬರುತ್ತದೆ. ಪ್ರಭುದೇವರ ಉದಾಹರಣೆಯೇ ಇದಕ್ಕೆ ಉತ್ತರ. ತಂದೆ ಮೂಗೂರಿನಿಂದ ಹೊರಟು ಮದರಾಸಿನ ಚಿತ್ರರಂಗದಲ್ಲಿ ಹೆಸರಾಂತ ನೃತ್ಯ ನಿರ್ದೇಶಕರಾದವರು. ಆದರೂ ಮಗ ಭರತನಾಟ್ಯ ಕಲಿತದ್ದು ಧರ್ಮರಾಜ್, ಉಡುಪಿ ಲಕ್ಷ್ಮೀನಾರಾಯಣ ಅವರ ಬಳಿ. ರಕ್ತವೇ ಎಲ್ಲವನ್ನೂ ಕಲಿಸುವಂತಿದ್ದರೆ ಗುರುಗಳ ಮುಂದೆ ನಿಲ್ಲಬೇಕಿರಲಿಲ್ಲ. 1986ರ ‘ಮೌನ ರಾಗಂ’ ಚಿತ್ರದ ಹಾಡಿನಲ್ಲಿ ಕೊಳಲು ಹಿಡಿದ ಹುಡುಗನಾಗಿ ಕಾಣಿಸಿಕೊಂಡವರು ನೃತ್ಯ ನಿರ್ದೇಶನಕ್ಕೆ ಎರಡು ಬಾರಿ ರಾಷ್ಟ್ರಪ್ರಶಸ್ತಿ ಪಡೆದರು. ಗುಡಿಯ ನೃತ್ಯಕ್ಕೂ ಸಿನಿಮಾ ಕುಣಿತಕ್ಕೂ ನೇರ ಗುರುಪರಂಪರೆ ಕಟ್ಟಲು ನಾನು ಹೊರಟಿಲ್ಲ. ಎರಡರಲ್ಲೂ ಮಗುವಿನ ಮೈಯನ್ನು ಹದಗೊಳಿಸಿದ್ದು ವರ್ಷಗಟ್ಟಲೆ ನಡೆದ ಪಾಠ ಎಂಬುದಷ್ಟೇ ನನ್ನ ವಾದ. ಮೂಗೂರೆಂದರೆ ಈಗ ಜನಕ್ಕೆ ಪ್ರಭುದೇವ ನೆನಪಾಗುತ್ತಾರೆ. ಜೇಜಮ್ಮನವರ ಹೆಸರು ನೃತ್ಯ ಬಲ್ಲವರಿಗೆ ಮಾತ್ರ ಗೊತ್ತು. ಈ ಮರೆವು ನ್ಯಾಯವಲ್ಲ.

2016ರ ಬಾಲಕಾರ್ಮಿಕ ಕಾನೂನಿನ ತಿದ್ದುಪಡಿ ಮತ್ತು 2017ರ ನಿಯಮಗಳು ಬಾಲಕಲಾವಿದರ ದುಡಿಮೆಗೆ ದಿನಕ್ಕೆ 5 ಗಂಟೆಯ ಮಿತಿ ಹಾಕಿವೆ. ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಿನ ಠೇವಣಿಗೆ ಹೋಗಬೇಕು. ಒಳ್ಳೆಯ ನಿಯಮಗಳೇ. ಆದರೆ ಸಮಯ, ಹಣಗಳನ್ನು ಕಾಯುವ ಕಾನೂನಿನಿಂದ ಕಲಿಕೆ ಬರುವುದಿಲ್ಲ. ಅದು ಊರಿನ, ಶಾಲೆಯ, ಅಕಾಡೆಮಿಗಳ ಹೊಣೆ. ಕವಲಂದೆ ಹೋಬಳಿಯ ಸರ್ಕಾರಿ ಶಾಲೆಗಳಲ್ಲಿ ನೃತ್ಯ, ನಾಟಕದ ಪಾಠ ವಾರವಾರ ನಡೆಯಲಿ. ಮೂಗೂರು, ನಂಜನಗೂಡಿನ ಕಲಾವಿದೆಯರ ಹೆಸರು, ಪಾಠಕ್ರಮಗಳು ಪುಸ್ತಕವಾಗಿ ಆ ಶಾಲೆಗಳನ್ನು ತಲುಪಲಿ. ಮಗುವಿಗೆ ಬಹುಮಾನ ಕೊಡುವ ಪ್ರತಿ ವೇದಿಕೆಯೂ ಕಲಿಸಿದವರನ್ನು ಹೆಸರು ಹಿಡಿದು ಕರೆಯಲಿ.