ಮಸಿಯೂ ಚಿಂದಿಯೂ

ದುಡ್ಡು ಕೊಟ್ಟು ಚಿತ್ರ ಕೊಂಡವನು ಅದು ತನ್ನ ಮಕ್ಕಳ ಕಾಲಕ್ಕೂ ಹೀಗೇ ಇರುತ್ತೆ ಅಂತ ನಂಬಿರುತ್ತಾನೆ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಯಂತ್ರದಿಂದ ಮುದ್ರಿಸಿ, ಕಲಾಕೃತಿ ಎಂದು ಮಾರಿದ ಎಷ್ಟೋ ಚಿತ್ರಗಳು ಕೆಲವೇ ವರ್ಷಕ್ಕೆ ಮಾಸಿದವು.

ಆ ಯಂತ್ರದ ಹೆಸರು ಐರಿಸ್. ಕಲೆಗಾಗಿ ಕಟ್ಟಿದ್ದಲ್ಲ, ಅಚ್ಚಿಗೆ ಹೋಗುವ ಮುಂಚೆ ಬಣ್ಣದ ಪ್ರೂಫ್ ನೋಡೋದಕ್ಕೆ ಕಟ್ಟಿದ್ದು. ಪ್ರೂಫು ಎಷ್ಟು ದಿನ ಬಾಳಬೇಕು? ಕಾಗದವನ್ನು ಉರುಳೆಗೆ ಸುತ್ತಿ ಗಿರಗಿರ ತಿರುಗಿಸಿ, ನಾಲ್ಕು ಸಣ್ಣ ಕೊಳವೆಗಳಿಂದ ಬಣ್ಣ ಚಿಮ್ಮಿಸುತ್ತಿತ್ತು. ಇದನ್ನು 1,26,000 ಡಾಲರಿಗೆ ಕೊಂಡವನು ಗ್ರಹಾಂ ನ್ಯಾಶ್ ಎಂಬ ಹಾಡುಗಾರ. ಇಂಗ್ಲೆಂಡಿನ ಸಾಲ್ಫರ್ಡ್‌ನ ಕಾರ್ಮಿಕರ ಮನೆಯವನು. ಜೊತೆ ಕೆಲಸದವನೊಬ್ಬನಿಂದ ಕೊಂಡ ಕ್ಯಾಮೆರಾ ಕದ್ದ ಮಾಲು ಎಂದಾಗ, ಅವನಪ್ಪ ಕೊಟ್ಟವನ ಹೆಸರು ಹೇಳದೆ ಜೈಲಿಗೆ ಹೋದ. ನ್ಯಾಶ್‌ನ ಗೆಳೆಯ ಮ್ಯಾಕ್ ಹೋಲ್ಬರ್ಟ್, ದಪ್ಪ ಕಾಗದ ತೂರಲಿ ಅಂತ ಯಂತ್ರಕ್ಕೇ ಗರಗಸ ಇಟ್ಟ. ಗ್ಯಾರಂಟಿ ಅಲ್ಲಿಗೆ ಮುಗೀತು. 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರೂ ಸೇರಿ ನ್ಯಾಶ್ ಎಡಿಷನ್ಸ್ ತೆರೆದರು.

ಕಂಪ್ಯೂಟರ್ ಚಿತ್ರ ಅಂದ್ರೆ ಉಳ್ಳವರು ಮೂಗು ಮುರೀತಾರೆ. ಅದಕ್ಕೇ ಅಲ್ಲಿದ್ದ ಜ್ಯಾಕ್ ಡುಗಾನ್ ಅದೇ ವರ್ಷ ಒಂದು ಫ್ರೆಂಚ್ ಹೆಸರಿಟ್ಟ: ಜಿಕ್ಲೇ. ಚಿಮ್ಮಿಸಿದ್ದು ಎಂದರ್ಥ. ಫ್ರೆಂಚರ ಬೀದಿ ಮಾತಲ್ಲಿ ಅದಕ್ಕೆ ಪೋಲಿ ಅರ್ಥವೂ ಇದೆ. ಹೆಸರು ಓಡಿತು, ಬೆಲೆ ಏರಿತು. ಬಣ್ಣ ಮಾತ್ರ ಅದೇ ಪ್ರೂಫಿನ ಬಣ್ಣ.

ಸಕ್ಕರೆ ನೀರಲ್ಲಿ ಕರಗಿ ಹೋಗುತ್ತೆ. ಕೆಮ್ಮಣ್ಣು ಕರಗಲ್ಲ, ಕದಡಿ ನಿಲ್ಲುತ್ತೆ. ಐರಿಸ್ಸಿನ ಇಂಕು ಸಕ್ಕರೆಯ ಜಾತಿ. ಕರಗಿದ ಬಣ್ಣದ ಕಣ ಒಂಟಿ. ಬೆಳಕು ಒಂದೊಂದನ್ನೇ ಮುರಿದು ಹಾಕುತ್ತೆ. ಪಿಗ್ಮೆಂಟ್ ಅಂದ್ರೆ ಪುಡಿ. ಮೇಲಿನ ಪದರ ಸತ್ತರೂ ಒಳಗಿನದು ಉಳಿಯುತ್ತೆ. ಅದರ ಕಪ್ಪು ಇನ್ನೇನಲ್ಲ, ಇಂಗಾಲ. ನಮ್ಮ ಒಲೆಯ ಮೇಲಿನ ಮಸಿಯ ಬಳಗ. ಕೂದಲಿಗಿಂತ ಸಣ್ಣ ಕೊಳವೆಯಲ್ಲಿ ಕಟ್ಟಿಕೊಳ್ಳದಂತೆ ಆ ಪುಡಿಯನ್ನು ನುಣ್ಣಗೆ ಅರೆಯುವುದೇ ಕಷ್ಟವಾಗಿತ್ತು.

ಅಯೋವಾದ ಹೆನ್ರಿ ವಿಲ್ಹೆಲ್ಮ್ ಕಂಪನಿಗಳ ಮಾತು ನಂಬದೆ, ಚಿತ್ರಗಳನ್ನು ಉರಿಬೆಳಕಿನಡಿ ಇಟ್ಟು ಪರೀಕ್ಷೆ ಮಾಡುತ್ತಿದ್ದ. ಅವನ ಲೆಕ್ಕಕ್ಕೂ ಸಿಗದ ಶತ್ರು ಒಂದಿತ್ತು. 2000ದಲ್ಲಿ ಎಪ್ಸನ್ನಿನ ಹೊಸ ಪ್ರಿಂಟರಿನ ಚಿತ್ರಗಳು, ಅದೇ ಕಂಪನಿಯ ಹೊಳಪು ಕಾಗದದ ಮೇಲೆ, ಕೆಲವರ ಮನೆಯಲ್ಲಿ ವಾರಗಳಲ್ಲೇ ಕಿತ್ತಳೆಗೆ ತಿರುಗಿದವು. ಬೆಳಕಲ್ಲ, ಗಾಳಿಯ ಓಜೋನ್ ನೀಲಿಯನ್ನು ತಿಂದಿತ್ತು. ಅದೇ ವರ್ಷ ಪಿಗ್ಮೆಂಟಿನ 2000ಪಿ ಬಂತು. ಬಾಳಿಕೆ ಇತ್ತು, ಆದರೆ ಹಗಲ ಬೆಳಕಲ್ಲಿ ಚಿತ್ರ ಹಸಿರು ಹೊಡೆಯುತ್ತಿತ್ತು. 2002ರ ಏಳು ಬಣ್ಣದ ಅಲ್ಟ್ರಾಕ್ರೋಮ್ ಕಲಾವಿದರ ನಂಬಿಕೆ ಗಳಿಸಿತು. ಹೊಳಪು ಕಾಗದಕ್ಕೆ ಒಂದು ಕಪ್ಪು, ಹೊಳಪಿಲ್ಲದ ಹತ್ತಿ ಕಾಗದಕ್ಕೆ ಇನ್ನೊಂದು. ದೊಡ್ಡ ಯಂತ್ರಗಳಲ್ಲಿ ಬದಲಾಯಿಸಿದಾಗಲೆಲ್ಲ ದುಬಾರಿ ಇಂಕು ಪೋಲು.

ಇಂಕು ಗಟ್ಟಿಯಾದರೆ ಸಾಲದು. ನಮ್ಮ ಸಣ್ಣ ಪತ್ರಿಕೆಗಳ ಹಳೇ ಸಂಚಿಕೆ ತೆಗೆದು ನೋಡಿ: ನ್ಯೂಸ್‌ಪ್ರಿಂಟು ಹಳದಿಯಾಗಿ, ಮಡಿಸಿದಲ್ಲಿ ಮುರಿಯುತ್ತೆ. ಮರದ ತಿರುಳಿನ ಲಿಗ್ನಿನ್ ಮಾಡುವ ಕೆಲಸ. ಹತ್ತಿಯಲ್ಲಿ ಅದು ಇಲ್ಲವೆಂದೇ ಹೇಳಬೇಕು. ಹಾಗಾಗಿ ಕಲಾವಿದರು 1584ರಿಂದಿರುವ ಜರ್ಮನಿಯ ಹಾನೆಮ್ಯೂಲೆಯಂಥ ಕಾಗದದ ಗಿರಣಿಗಳ ಕಡೆ ತಿರುಗಿದರು. ಇಂಕು ಹರಡದಿರಲೆಂದು ಹತ್ತಿ ಕಾಗದಕ್ಕೆ ಒಂದು ಲೇಪ ಬಳಿದು ಮಾರಿದರು. ಕೆಲವಕ್ಕೆ ಬೆಳ್ಳಗೆ ಕಾಣಲೆಂದು ಹೊಳಪಿನ ರಾಸಾಯನಿಕ ಸೇರಿಸುತ್ತಾರೆ. ಅದು ಸತ್ತ ಮೇಲೆ ಕಾಗದ ಮಂಕಾಗುತ್ತೆ. ತಿಳಿದವರು ಅದಿಲ್ಲದ ಕೆನೆಬಣ್ಣದ್ದನ್ನೇ ಕೇಳುತ್ತಾರೆ.

ಆ ಕಾಗದವನ್ನು ಇವತ್ತಿಗೂ ರ್‍ಯಾಗ್ ಅಂತಾರೆ. ರ್‍ಯಾಗ್ ಅಂದ್ರೆ ಚಿಂದಿ. ಈಗ ಹೆಚ್ಚಾಗಿ ಹತ್ತಿಬೀಜಕ್ಕಂಟಿದ ಗಿಡ್ಡ ನಾರು ಹಾಕುತ್ತಾರೆ. 19ನೇ ಶತಮಾನದ ನಡುವೆ ಮರದ ತಿರುಳು ಬರುವವರೆಗೆ ಯುರೋಪಿನ ಕಾಗದವೆಲ್ಲ ನಿಜಕ್ಕೂ ಹರಕು ಬಟ್ಟೆಯೇ. ಚಿಂದಿ ಆಯುವವರು ಬೀದಿ, ತಿಪ್ಪೆ ಸುತ್ತಿ ತಂದರು. ಗಿರಣಿಯಲ್ಲಿ ಹೆಂಗಸರು ಸಾಲಾಗಿ ನಿಂತು ಗುಂಡಿ ಕಿತ್ತು, ಹೊಲಿಗೆ ಬಿಚ್ಚಿ, ಕತ್ತರಿಸಿದರು. ಊರೂರಿನ ಹೊಲಸು ಬಟ್ಟೆಯ ಧೂಳು ಕುಡಿದು ಕೆಮ್ಮಿದರು. ಆ ಕಾಗದದ ಮೇಲೆ ಅಚ್ಚಾದ ಪುಸ್ತಕಗಳು ನಾನೂರು ವರ್ಷದ ಮೇಲೂ ಬೆಳ್ಳಗಿವೆ. ಅವುಗಳಲ್ಲಿ ಗಿರಣಿ ಯಜಮಾನನ ನೀರಚ್ಚು ಬೆಳಕಿಗೆ ಹಿಡಿದರೆ ಕಾಣುತ್ತೆ.

ಐರಿಸ್ ಯಂತ್ರ 2005ರಲ್ಲಿ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮು ಸೇರಿತು. ಗ್ಯಾಲರಿಗಳ ಚೀಟಿಗಳಲ್ಲಿ ಜಿಕ್ಲೇ ಎಂಬ ಮಾತು ಕಡಿಮೆಯಾಗಿ, ಹತ್ತಿ ಕಾಗದದ ಮೇಲೆ ಪಿಗ್ಮೆಂಟ್ ಮುದ್ರಣ ಅಂತ ಸೀದಾ ಬರೆಯತೊಡಗಿದ್ದಾರೆ.